ಈರಕ್ಕನ ದಾಟುಚೀಟಿ

ನಮ್ಮೂರ ಕೆರೆಯ ಮೇಲೆ ಯಾರೂ ಕೂರುವಂತಿಲ್ಲ. ನಿಂತವರನ್ನು ಹೊರುತ್ತದೆ, ಕೂತವರನ್ನು ಇಳಿಸುತ್ತದೆ. ಒಮ್ಮೆ ಹೊರಗಿನಿಂದ ಬಂದ ಸಾಹೇಬರೊಬ್ಬರು ಮೆತ್ತನೆಯ ಸೀಟಿನ ಮೋಟಾರು ದೋಣಿ ತರಿಸಿ, ಕಾಲ ಮೇಲೆ ಕಾಲು ಹಾಕಿ ಕೂತು ಹೊರಟರು. ಐವತ್ತು ಮಾರು ಹೋಗುವಷ್ಟರಲ್ಲಿ ನೀರು ಅವರ ಕತ್ತಿನ ತನಕ ಬಂತು. ಗಾಬರಿಯಿಂದ ಎದ್ದು ನಿಂತರು, ದೋಣಿಯೂ ಎದ್ದಿತು. ಮತ್ತೆ ಕೂತರು, ಮತ್ತೆ ಇಳಿಯಿತು. ಮೂರು ಸಲ ಹೀಗಾದ ಮೇಲೆ ಆಚೆ ದಡದವರೆಗೂ ಕೈಕಟ್ಟಿಕೊಂಡು ನಿಂತೇ ಹೋದರು. ತಮ್ಮ ವರದಿಯಲ್ಲಿ, ಕೆರೆಯು ಸಹಕರಿಸಲಿಲ್ಲ ಎಂದು ಬರೆದರಂತೆ.

ಹಾಗಾಗಿ ನಮ್ಮಲ್ಲಿ ದೋಣಿ ಇಲ್ಲ, ಹಲಗೆ ಇದೆ. ಎರಡಾಳುದ್ದದ ಹಲಗೆ, ಕೈಯಲ್ಲೊಂದು ಉದ್ದನೆಯ ಹುಟ್ಟು. ಹಲಗೆಯ ನಡುವೆ ಕಾಲಗಲಿಸಿ ನಿಂತು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕಣ್ಣನ್ನು ದೂರದ ದಡದ ಮೇಲಿಟ್ಟು ಹುಟ್ಟು ಹಾಕಿದರೆ ಯಾರು ಬೇಕಾದರೂ ದಾಟಬಹುದು. ಪಾದ ನೋಡಿಕೊಂಡವರು ಬೀಳುತ್ತಾರೆ. ಮದುವೆ ದಿಬ್ಬಣವೂ ನಿಂತೇ ಹೋಗುತ್ತದೆ. ಮದುಮಗನ ಬಾಸಿಂಗ ಗಾಳಿಗೆ ಹಾರದಂತೆ ಗದ್ದದ ಕೆಳಗೊಂದು ದಾರ ಕಟ್ಟುತ್ತಾರೆ. ಕಂಕುಳಲ್ಲಿರುವ ಕೂಸನ್ನು ಕೆರೆ ಕೂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಳಿಯನ್ನು ಹಿಡಿಯುತ್ತದೆ. ಬುಟ್ಟಿಯೊಳಗೆ ಕಾವಿಗೆ ಕೂತಂತೆ ಕೂತ ಒಂದು ಕೋಳಿ ಹಲಗೆಯ ಮೂಲೆಯನ್ನೇ ಮುಳುಗಿಸಬಲ್ಲದು. ಅದಕ್ಕೇ ನಮ್ಮವರು ಕೋಳಿಗಳನ್ನು ಕಾಲು ಹಿಡಿದು ತಲೆಕೆಳಗಾಗಿ ಒಯ್ಯುವುದು.

ಊರಿನ ಸ್ಮಶಾನ ಆಚೆ ದಡದಲ್ಲಿದೆ. ಸತ್ತವರು ಮಲಗಿ ಹೋಗುತ್ತಾರೆ, ಕೆರೆ ಅದಕ್ಕೆ ಯಾವತ್ತೂ ತಕರಾರು ಮಾಡಿದ್ದಿಲ್ಲ. ಅದಕ್ಕೆಂದೇ ಒಂದು ಅಗಲವಾದ ಹಲಗೆ ಇದೆ. ಮಲಗಿದವರನ್ನು ಹೊತ್ತ ಹಲಗೆ ನೀರಿನ ಮೇಲೆ ಕಂಡರೆ ಹಲಗೆಕಟ್ಟೆಯ ಗಂಟೆಯನ್ನು ಮೂರು ಸಲ ಬಾರಿಸುತ್ತಾರೆ, ಅಂಗಡಿಯವರು ಬಾಗಿಲು ಎಳೆಯುತ್ತಾರೆ, ಆಚೆ ದಡದಲ್ಲಿ ಗುಂಡಿ ತೋಡುವ ಸಿದ್ದಮಲ್ಲ ಗುದ್ದಲಿ ಎತ್ತಿಕೊಳ್ಳುತ್ತಾನೆ. ಮಕ್ಕಳು ಆಟಕ್ಕೆಂದು ಹಲಗೆಯ ಮೇಲೆ ಮೈಚಾಚಿದರೂ ಬೆನ್ನಿಗೆ ಎರಡು ಬೀಳುತ್ತವೆ.

ನಾನು ಓಬಯ್ಯ, ಹಲಗೆಕಟ್ಟೆಯ ದಾಟುಗುಮಾಸ್ತೆ. ಇಪ್ಪತ್ತಾರು ವರ್ಷದಿಂದ ಭುಜದಿಂದ ಸೊಂಟಕ್ಕೆ ಇಳಿಯುವ ಗೇಣಗಲದ ಹಳದಿ ಪಟ್ಟಿ ಹಾಕಿಕೊಂಡು ಕಿಟಕಿಯ ಹಿಂದೆ ಕೂತಿದ್ದೇನೆ. ಯಾರೇ ಕೆರೆಗಿಳಿಯಲಿ, ನನ್ನಿಂದ ಚೀಟಿ ಬರೆಸಿಕೊಳ್ಳಬೇಕು. ಚೀಟಿಯಲ್ಲಿ ಎರಡು ಅಂಕಣ. ಒಂದು ಸುರಕ್ಷತೆ, ಇನ್ನೊಂದು ಸಂತೋಷ. ಮೊದಲನೆಯದನ್ನು ನಾನು ಅಂಚಿನವರೆಗೂ ತುಂಬುತ್ತೇನೆ: ಗಾಳಿ ಎಷ್ಟು, ಎತ್ತ ಕಡೆಯದು, ಹಲಗೆ ಯಾವುದು, ಬೆಂಡಿನ ಅಂಗಿ ಉಂಟೋ, ಕಾಲಿಗೂ ಹಲಗೆಗೂ ಹಗ್ಗ ಕಟ್ಟಿದೆಯೋ, ಕೊರಳಲ್ಲಿ ಪೀಪಿ ಇದೆಯೋ, ಎಷ್ಟು ಹೊತ್ತಿಗೆ ವಾಪಸು, ಬರದಿದ್ದರೆ ಯಾರಿಗೆ ತಿಳಿಸಬೇಕು. ಎರಡನೆಯದರಲ್ಲಿ ಎಲ್ಲರಿಗೂ ‘ಸಾಮಾನ್ಯ’ ಎಂದು ಬರೆಯುತ್ತೇನೆ. ನನ್ನ ಚೀಟಿ ಹಿಡಿದು ಹೋದವರು ಒಬ್ಬರೂ ಮುಳುಗಿಲ್ಲ. ಈ ಮಾತನ್ನು ನಾನು ದಿನಕ್ಕೊಂದು ಸಲವಾದರೂ ಹೇಳುತ್ತೇನೆಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಕಿಟಕಿಯ ಪಕ್ಕ ನಿಯಮಗಳ ಫಲಕವಿದೆ. ಒಂಬತ್ತನೆಯ ನಿಯಮ: ಹಲಗೆಯ ಮೇಲೆ ಮಲಗುವುದು ಮೃತರಿಗೆ ಮಾತ್ರ. ವರ್ಷಕ್ಕೊಮ್ಮೆ ಅದಕ್ಕೆ ಹೊಸ ಬಣ್ಣ ಕೊಡುವವನೂ ನಾನೇ.

ಐವತ್ತು ದಾಟಿದವರಿಗೆ ಇನ್ನೊಂದು ಪರೀಕ್ಷೆ ಉಂಟು. ಕಟ್ಟೆಯ ಮೇಲೆ ಹಲಗೆ ಹಾಸಿ ನಿಲ್ಲಿಸುತ್ತೇವೆ. ಪಕ್ಕದಲ್ಲಿ ಒಲೆ ಹಚ್ಚಿ, ಪಾತ್ರೆಗೆ ಅಕ್ಕಿ ಹಾಕುತ್ತೇವೆ. ಅನ್ನ ಬೇಯುವವರೆಗೆ ನಿಲ್ಲಬೇಕು. ನಿಂತರೆ ಚೀಟಿ. ನಡುವೆ ಕೂತರೆ ಅವರ ದಾಟುಪುಸ್ತಕಕ್ಕೆ ‘ಸಾಕು’ ಎಂಬ ಮುದ್ರೆ. ಆಮೇಲೆ ಅವರು ಈ ದಡದವರೇ.

ಹನ್ನೊಂದು ವರ್ಷದ ಹಿಂದೆ ನನ್ನ ಅಕ್ಕ ಈರಕ್ಕ ಆ ಹಲಗೆಯ ಮೇಲೆ ನಿಂತಳು. ಒಲೆ ಹಚ್ಚಿದವನು ನಾನು. ಗಂಜಿ ಉಕ್ಕಿ, ನೀರು ಇಂಗಿ, ಇನ್ನೇನು ಅಗುಳು ಹಿಚುಕಿ ನೋಡಬೇಕು, ಅಷ್ಟರಲ್ಲಿ ಅವಳ ಮಂಡಿ ನಡುಗಿತು, ಅವಳು ಕೂತುಬಿಟ್ಟಳು. ಸುತ್ತ ಜನ ಇದ್ದರು. ನೋಡಿಯೂ ನೋಡದ ಹಾಗೆ ಇರಬಹುದಿತ್ತೇನೋ. ನಾನು ಮುದ್ರೆ ಒತ್ತಿದೆ. ಆ ಅನ್ನವನ್ನು ಇಬ್ಬರೂ ಹಂಚಿಕೊಂಡು ಉಂಡೆವು. ನಾನು ಎರಡು ವರ್ಷದವನಿದ್ದಾಗ ನಮ್ಮವ್ವ ತೀರಿಕೊಂಡಳು. ಹದಿನೈದರ ಈರಕ್ಕ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡೇ ಆ ಕೆರೆಯನ್ನು ನೂರು ಸಲ ದಾಟಿದ್ದಳು. ನಾನು ನಿಯಮ ಪಾಲಿಸಿದೆ ಎಂದು ಎಲ್ಲರೂ ಹೊಗಳಿದರು, ನಾನೂ ಒಳಗೊಳಗೇ ಉಬ್ಬಿದೆ. ಈಗ ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅಕ್ಕ ಆಚೆ ದಡಕ್ಕೆ ಹೋಗುತ್ತಿದ್ದುದು ಒಬ್ಬಳಿಗಾಗಿ. ಖೈರುನ್ನೀಸಾ ಅವಳ ಚಿಕ್ಕಂದಿನ ಗೆಳತಿ, ಮದುವೆಯಾಗಿ ಆಚೆ ದಡಕ್ಕೆ ಹೋದವಳು. ಇಬ್ಬರೂ ಸೇರಿ ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಪಂಚೆಯ ತುಂಡು ಜೋಡಿಸಿ ಎದುರು ಬದುರು ಕೂತು, ಒಬ್ಬಳು ಈ ಅಂಚಿನಿಂದ, ಒಬ್ಬಳು ಆ ಅಂಚಿನಿಂದ ಹೊಲಿಯುತ್ತ ನಡುವೆ ಬಂದು ಸೇರುವುದು ಅವರ ಪದ್ಧತಿ. ಗುರುವಾರ ಬಂತೆಂದರೆ ಅಕ್ಕ ಹಲಗೆ ಏರುತ್ತಿದ್ದಳು. ಮೂವತ್ತು ವರ್ಷ ಒಂದು ಗುರುವಾರ ತಪ್ಪಲಿಲ್ಲ. ಮುದ್ರೆ ಬಿದ್ದ ಮೇಲೆ ಅರ್ಧವಾಗಿದ್ದ ಕೌದಿ ಎರಡು ತುಂಡಾಗಿ, ಒಬ್ಬಳ ಹೊಲಿಗೆ ಇನ್ನೊಬ್ಬಳು ನೋಡಲೆಂದು ಒಂದು ದಡದಿಂದ ಇನ್ನೊಂದಕ್ಕೆ ಓಡಾಡತೊಡಗಿತು. ಮೀನು ಮಾರುವ ಗೌರಜ್ಜಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಯ್ಯುವಳು, ತರುವಳು. ಖೈರುನ್ನೀಸಾಳ ಮಂಡಿಯೂ ಅಷ್ಟಕ್ಕಷ್ಟೇ, ಅವಳ ಪುಸ್ತಕಕ್ಕೂ ಮುದ್ರೆ ಬಿದ್ದಿತ್ತು.

ಈ ವರ್ಷ ಖೈರುನ್ನೀಸಾಳ ತುಂಡು ಬಂದಾಗ ಅಕ್ಕ ಅದನ್ನು ಮಡಿಲಲ್ಲಿ ಹರಡಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳಂತೆ. ಖೈರುನ್ನೀಸಾಳ ಹೊಲಿಗೆ ಹಗ್ಗ ಹಿಡಿದು ಗೆರೆ ಎಳೆದಷ್ಟು ನೇರ. ಈ ಸಲ ಕೊನೆಯ ಎರಡು ಸಾಲು ಎಲ್ಲೆಲ್ಲೋ ಹೋಗಿದ್ದವು, ಒಂದು ಕಡೆ ಬಟ್ಟೆಯನ್ನೇ ಬಿಟ್ಟು ಗಾಳಿಯಲ್ಲಿ ಹೊಲಿದಿದ್ದಳು. ಗೌರಜ್ಜಿಯನ್ನು ಕೇಳಿದ್ದಕ್ಕೆ, “ಕಣ್ಣು ಹೋಗ್ತಾ ಇದೆ ಕಣೇ. ನನ್ನನ್ನೇ ದನಿ ಕೇಳಿ ಗುರುತು ಹಿಡೀತಾಳೆ. ದೀಪಾವಳಿ ಹೊತ್ತಿಗೆ ಪೂರಾ ಕತ್ತಲೆ ಅಂದವ್ರಂತೆ ಡಾಕ್ಟ್ರು” ಎಂದಳು.

ಮರುದಿನ ಅಕ್ಕ ನನ್ನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಇಬ್ಬರು, ಹಿಂದೆ ಒಬ್ಬ ಕೋಳಿ ವ್ಯಾಪಾರಿ.

“ಓಬ, ನಂಗೊಂದು ಚೀಟಿ ಬರ್ಕೊಡು.”

“ಯಾವ ಕಡೆಗೆ?” ಎಂದೆ. ಅಭ್ಯಾಸಬಲ.

“ಕೆರೆಗೆ ಇರೋದೇ ಎರಡು ಕಡೆ. ಒಂದರಲ್ಲಿ ನಾನು ನಿಂತಿದೀನಿ.”

“ನಿಮ್ಮ ಪುಸ್ತಕಕ್ಕೆ ಮುದ್ರೆ ಬಿದ್ದಿದೆ.”

“ಸಣ್ಣೋನಿದ್ದಾಗ ನಿನ್ನ ಮೂಗು ಒರೆಸಿದೋಳು ನಾನು. ನೀವು ಗೀವು ಅಂದ್ರೆ ಈ ಕಿಟಕಿ ಒಳಗೇ ಕೈ ಹಾಕಿ ಕೆನ್ನೆಗೆ ಬಿಡ್ತೀನಿ” ಎಂದಳು. ದನಿ ಏರಿಸಲಿಲ್ಲ. ಆಮೇಲೆ ಇನ್ನೂ ಮೆತ್ತಗೆ, “ಅವಳಿಗೆ ನನ್ನ ಮುಖ ಕಾಣೋವಾಗ್ಲೇ ಒಂದ್ಸಲ ಹೋಗಿ ಬಂದ್ಬಿಡ್ತೀನಿ ಕಣೋ. ಆಮೇಲೆ ನೀನು ಎಷ್ಟು ಮುದ್ರೆ ಬೇಕಾದ್ರೂ ಒತ್ಕೋ” ಎಂದಳು.

ಕೋಳಿ ವ್ಯಾಪಾರಿ ನನ್ನನ್ನೇ ನೋಡುತ್ತಿದ್ದ. ಅವನ ಕೈಯಲ್ಲಿ ತಲೆಕೆಳಗಾಗಿದ್ದ ಎರಡು ಕೋಳಿಗಳೂ ನೋಡುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಾನು ನಿಯಮ ಪುಸ್ತಕದಲ್ಲಿ ಒಂದು ಸಂದಿ ಹುಡುಕಿದೆ. ಸಂದಿ ಇತ್ತು. ಗುಮಾಸ್ತೆಯೇ ಜೊತೆಯಲ್ಲಿ ಹೋಗಿ ಪೂರ್ತಿ ಹೊಣೆ ಹೊರುವುದಾದರೆ ಮುದ್ರೆ ಬಿದ್ದವರಿಗೂ ಒಂದು ಚೀಟಿ ಕೊಡಬಹುದು. ಹಿಂದೆ ಯಾರೂ ಹಾಗೆ ಹೊತ್ತಿರಲಿಲ್ಲ.

ಅವತ್ತಿನಿಂದ ಹನ್ನೆರಡು ದಿನ ನಾನು ಅಕ್ಕನ ದಾಟುವಿಕೆಯ ಯೋಜನೆ ಹಾಕಿದೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಈಗಲೂ ಹೇಳುತ್ತೇನೆ. ನಮ್ಮ ಕೆರೆಯಲ್ಲಿ ಗಾಳಿ ಏಳುವುದು ಹೊತ್ತು ಮಾರುದ್ದ ಏರಿದ ಮೇಲೆ, ಅದಕ್ಕೆ ಮೊದಲು ನೀರು ಎಣ್ಣೆ ಸುರಿದಂತಿರುತ್ತದೆ; ಆದ್ದರಿಂದ ಸೂರ್ಯ ಹುಟ್ಟುವಾಗ ಹೊರಡುವುದು. ಅಕ್ಕನಿಗೆ ಅನ್ನ ಬೇಯುವಷ್ಟು ಹೊತ್ತು ನಿಲ್ಲಲಾಗದು, ಮುಕ್ಕಾಲು ಬೇಯುವಷ್ಟು ನಿಲ್ಲಬಲ್ಲಳು. ಕೆರೆಯ ನಟ್ಟನಡುವೆ ಹಾಸಿಗೆಯಗಲದ ಒಂದು ಬಂಡೆ ತಲೆ ಎತ್ತಿ ನಿಂತಿದೆ. ಅದಕ್ಕೆ ಕೂರ್ಗಲ್ಲು ಎನ್ನುತ್ತೇವೆ, ಅಷ್ಟು ದೊಡ್ಡ ಕೆರೆಯಲ್ಲಿ ಕೂರಬಹುದಾದ ಜಾಗ ಅದೊಂದೇ. ಅಲ್ಲಿಗೆ ಮುಕ್ಕಾಲು ಅನ್ನದ ದಾರಿ. ಅಲ್ಲಿ ಕೂತು, ಮಜ್ಜಿಗೆ ಕುಡಿದು, ಮಂಡಿಗೆ ಎಣ್ಣೆ ತಿಕ್ಕಿ, ಮಿಕ್ಕ ಮುಕ್ಕಾಲು ಅನ್ನದ ದಾರಿ ಹೋಗುವುದು.

ಒಬ್ಬಳನ್ನೇ ಬೇರೆ ಹಲಗೆಯಲ್ಲಿ ಬಿಡುವುದು ಬೇಡವೆಂದು ಇಬ್ಬರಿಗೂ ಒಂದೇ ಹಲಗೆ ಆರಿಸಿದೆ. ಅಲುಗಾಡದಂಥದ್ದು, ಅತಿ ಅಗಲದ್ದು, ಅಂದರೆ ಹೆಣದ ಹಲಗೆ. ಅದನ್ನು ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿ ತೊಳೆದೆ, ಅಕ್ಕನಿಗೆ ಹೇಳಲಿಲ್ಲ. ದಡದ ಬಳಿ ಮೊಣಕಾಲಾಳದ ನೀರಿನಲ್ಲಿ ಅವಳಿಗೆ ಬೀಳುವ ಅಭ್ಯಾಸ ಮಾಡಿಸಿದೆ: ಹಲಗೆಯ ಮೇಲೆ ಬೀಳಬಾರದು, ಪಕ್ಕಕ್ಕೆ, ನೀರಿಗೇ ಅಂಗಾತ ಬೀಳಬೇಕು. ಅವಳು ಆರು ಸಲ ಬಿದ್ದು, ಏಳನೆಯ ಸಲ, “ಬೀಳೋಕೆ ನಿನ್ ಹತ್ರ ಕಲೀಬೇಕಾಗಿಲ್ಲ” ಎಂದು ಮನೆಗೆ ಹೋದಳು. ಬಿಸಿಲಿಗೆ ತಲೆಗೆ ಟವೆಲು, ತಿನ್ನಲು ಚಕ್ಕುಲಿ, ಇಬ್ಬರಿಗೂ ಪೀಪಿ. ಚೀಟಿಯ ಮೊದಲ ಅಂಕಣ ಸಾಲದೆ ಹಿಂಬದಿಗೂ ಬರೆದೆ.

ಹೊರಟ ದಿನ ಕೆರೆಯ ಮೇಲೆ ಉಸಿರಾಡುವಷ್ಟೂ ಗಾಳಿ ಇರಲಿಲ್ಲ. ಅಕ್ಕ ಕೌದಿಯ ಎರಡೂ ತುಂಡುಗಳನ್ನು ಮಡಿಚಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಹಲಗೆ ನೋಡಿದವಳೇ, “ಅಪ್ಪ ಹೋದ ಹಲಗೆ ಅಲ್ವೇನೋ ಇದು?” ಎಂದಳು. ನಾನು ಹಗ್ಗದ ಗಂಟು ಪರೀಕ್ಷಿಸುವವನಂತೆ ಬಗ್ಗಿದೆ. “ಚೆನ್ನಾಗಿ ತೊಳ್ದಿದೀಯ ಬಿಡು” ಎಂದು ಹತ್ತಿ ನಿಂತಳು. ಅವಳು ಮುಂದೆ, ನಾನು ಹಿಂದೆ. ಹನ್ನೊಂದು ವರ್ಷ ಹುಟ್ಟು ಮುಟ್ಟದವಳು ಮೂರು ಎಳೆತಕ್ಕೆ ಲಯ ಹಿಡಿದಳು. ನನ್ನದು ತಪ್ಪಿದಾಗೆಲ್ಲ ತಿರುಗದೆಯೇ, “ಹೂಂ” ಎನ್ನುವಳು. ಕೊಕ್ಕರೆಯೊಂದು ನಮ್ಮ ಪಕ್ಕದಲ್ಲೇ ಸ್ವಲ್ಪ ದೂರ ಹಾರಿತು. ನಾನು ಚೀಟಿ ತೆಗೆದು, ಎಲ್ಲ ಬರೆದ ಹಾಗೇ ನಡೆಯುತ್ತಿದೆ ಎಂದು ಖಾತ್ರಿ ಮಾಡಿಕೊಂಡೆ.

“ಕೂರ್ಗಲ್ಲು ಎಲ್ಲೋ?” ಎಂದು ಅಕ್ಕ ಕೇಳಿದಳು.

ತಲೆ ಎತ್ತಿ ನೋಡಿದೆ. ಕಲ್ಲು ಇರಬೇಕಾದ ಜಾಗದಲ್ಲಿ ನೀರಿತ್ತು. ಹತ್ತಿರ ಹೋದರೆ ನಾಲ್ಕು ಬೆರಳು ನೀರಿನ ಕೆಳಗೆ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ವಾರದ ಹಿಂದೆ ಮೇಲಿನ ಗುಡ್ಡಗಳಲ್ಲಿ ಮಳೆಯಾಗಿತ್ತು, ಕೆರೆ ಏರಿತ್ತು. ಕಟ್ಟೆಯ ಮೇಲೆ ನಿಂತು ಕತ್ತು ಹೊರಳಿಸಿದ್ದರೆ ಸಾಕಿತ್ತು, ಕಾಣುತ್ತಿತ್ತು. ಹನ್ನೆರಡು ದಿನವೂ ನಾನು ಚೀಟಿ ನೋಡಿದೆನೇ ಹೊರತು ಕೆರೆ ನೋಡಲಿಲ್ಲ.

“ನಾಲ್ಕು ಬೆರಳು ತಾನೆ,” ಎಂದೆ. “ಕೂರೋದು ಕಲ್ಲಿನ ಮೇಲೆ, ನೀರಿನ ಮೇಲಲ್ಲ. ಕೆರೆ ಅರ್ಥ ಮಾಡ್ಕೊಳ್ಳುತ್ತೆ.”

“ಮೊದಲು ನೀನು ಕೂತ್ ನೋಡು.”

ಕಲ್ಲಿನ ಮೇಲೆ ಇಳಿದೆ. ಪಾದ ಮುಳುಗುವಷ್ಟು ನೀರು. ಮೆಲ್ಲಗೆ ಕೂತೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಗದ್ದಕ್ಕೆ ಬಂತು. ಎದ್ದೆ. ಮತ್ತೆ ಪಾದದಷ್ಟೇ ಆಯಿತು. ಕೆರೆ ತನ್ನ ಅಭಿಪ್ರಾಯ ಹೇಳಿತ್ತು. ನಾನು ಹಲಗೆ ಹತ್ತಿ ಅಂಗಿ ಹಿಂಡಿಕೊಂಡೆ.

ಅಷ್ಟರಲ್ಲಿ ಅಕ್ಕನ ಮಂಡಿ ನಡುಗಲು ಶುರುವಾಗಿತ್ತು. ಹನ್ನೊಂದು ವರ್ಷದ ಹಿಂದೆ ನಾನು ಒಲೆಯ ಪಕ್ಕದಿಂದ ನೋಡಿದ ನಡುಕ ಅದೇ. ಮುಂದೆ ಹೋಗಲೂ ಹಿಂದೆ ಹೋಗಲೂ ಒಂದೇ ದೂರ. ಎತ್ತಿಕೊಳ್ಳೋಣವೆಂದರೆ ಅಕ್ಕ ಕೂಸಲ್ಲ, ನನ್ನ ಸೊಂಟವೂ ಸೊಂಟವಲ್ಲ. ಅವಳು ಕೂತರೆ ಇಬ್ಬರೂ ಇಳಿಯುತ್ತೇವೆ. ಬೆಂಡಿನ ಅಂಗಿ ನಮ್ಮ ಕೆರೆಯಲ್ಲಿ ಬಿದ್ದವರನ್ನು ಮಾತ್ರ ಎತ್ತುತ್ತದೆ, ಕೂತವರನ್ನು ಎತ್ತುವುದಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ದಾಖಲೆ ಕೆಡುತ್ತದೆಂದಲ್ಲ. ಆ ಹೊತ್ತಿನಲ್ಲಿ ದಾಖಲೆ ನೆನಪಿಗೇ ಬರಲಿಲ್ಲ.

“ಓಬ, ಅಪ್ಪನ್ನ ಈ ಹಲಗೆ ಮೇಲೆ ಮಲಗಿಸ್ದಾಗ ಹಲಗೆ ಮುಳುಗ್ತಾ?”

“ಇಲ್ಲ. ಯಾಕೆ?”

“ಹಂಗಾದ್ರೆ ಸ್ವಲ್ಪ ಹಿಂದಕ್ಕೆ ಸರಿ. ಮಲಗ್ತೀನಿ.”

“ಮಲಗೋದು ಸತ್ತೋರಿಗೆ ಮಾತ್ರ ಅಕ್ಕ. ಒಂಬತ್ತನೇ ನಿಯಮ.”

“ಅದು ಕೆರೆ ಹೇಳಿದ್ದೋ, ನೀವು ಬರ್ದಿದ್ದೋ?”

ನನಗಿಂತ ಮುಂಚಿನ ಗುಮಾಸ್ತೆಯ ಫಲಕದಿಂದ ನಾನು ಅದನ್ನು ನಕಲು ಮಾಡಿದ್ದೆ, ಅವನು ಅವನ ಮುಂಚಿನವನಿಂದ ಮಾಡಿದ್ದ. ಬದುಕಿರುವವರು ಯಾರಾದರೂ ಮಲಗಿ ನೋಡಿದ್ದರೇ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಇನ್ನೊಂದು ತೊಡಕಿತ್ತು. ನಿಂತವರು ಮಲಗಬೇಕಾದರೆ ನಡುವೆ ಒಂದು ಗಳಿಗೆ ಕೂರಲೇಬೇಕು. ಅಕ್ಕ ಅದನ್ನೂ ಯೋಚಿಸಿದ್ದಳು. “ನೀನು ಹೆಣ ಇಳಿಸ್ತೀಯಲ್ಲ, ಹಂಗೆ ಇಳಿಸು. ನಾನು ಬಿಗಿಯಾಗಿರ್ತೀನಿ.” ಅದು ನನಗೆ ಗೊತ್ತಿದ್ದ ಕೆಲಸ. ಹಿಂದಿನಿಂದ ಅವಳ ಕಂಕುಳಿಗೆ ಕೈ ಹಾಕಿದೆ. ಅವಳು ಮೈಯನ್ನು ಒನಕೆಯ ಹಾಗೆ ಸೆಟೆಸಿದಳು. ನಾನು ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಮಂಡಿ ಬಗ್ಗಿಸುತ್ತ, ಅವಳ ತಲೆಯನ್ನು ಹಲಗೆಗೆ ತಂದೆ. ನಡುವೆ ಒಮ್ಮೆ ಅವಳ ಸೊಂಟ ಸಡಿಲವಾಗಿ ನೀರು ಥಟ್ಟನೆ ನನ್ನ ಹಿಮ್ಮಡಿಗೆ ಬಂತು. “ಬಿಗಿ ಹಿಡಿ ಅಕ್ಕ” ಎಂದೆ. ಬಿಗಿ ಹಿಡಿದಳು. ಬೆನ್ನು ಹಲಗೆಗೆ ತಾಕಿತು. ಹಲಗೆ ಮೇಲೆದ್ದು, ಹಾಯಾಗಿ ತೇಲಿತು.

ನಾನು ಹುಟ್ಟು ಹಾಕತೊಡಗಿದೆ.

“ಓಬ, ಈ ಕೆರೆ ಮೇಲೆ ಆಕಾಶ ಇಷ್ಟು ದೊಡ್ಡದಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದಳು ಅಕ್ಕ. ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಎದುರಿನ ದಡವನ್ನೇ ನೋಡಿಕೊಂಡು ದಾಟಿದವರು. ಅವಳು ಚಕ್ಕುಲಿ ಕೇಳಿದಳು, ಕೊಟ್ಟೆ. ಮಲಗಿಕೊಂಡೇ ಕಟುಂ ಕಟುಂ ಎಂದು ತಿಂದಳು. ಒಂದು ಕೈಯನ್ನು ನೀರಿಗೆ ಇಳಿಬಿಟ್ಟಳು. ಮಂಡಿನೋವು ಹೋಯಿತೇ ಎಂದು ಕೇಳಿದ್ದಕ್ಕೆ, “ಯಾವ ಮಂಡಿ?” ಎಂದಳು.

ಅಷ್ಟರಲ್ಲಿ ಹಿಂದಿನಿಂದ ಗಂಟೆ ಕೇಳಿಸಿತು. ಒಂದು, ಎರಡು, ಮೂರು. ಅಂಗಡಿಗಳ ಬಾಗಿಲು ಒಂದೊಂದಾಗಿ ಎಳೆಯುವ ಸದ್ದು ನೀರಿನ ಮೇಲೆ ಹಾದು ಬಂತು. ಬೆಳಿಗ್ಗೆ ನಿಂತು ಹೊರಟವಳು, ಈಗ ಹೆಣದ ಹಲಗೆಯ ಮೇಲೆ ಮಲಗಿದ್ದಾಳೆ, ಹಿಂದೆ ನಿಂತು ಹುಟ್ಟು ಹಾಕುತ್ತಿರುವವನು ತಮ್ಮ. ಅವರಿಗೆ ಬೇರೇನು ತೋಚಬೇಕು? ಎದುರು ದಡದಲ್ಲೂ ಜನ ಸೇರುತ್ತಿದ್ದರು, ಗಂಡಸರು ತಲೆಯ ಮೇಲಿನ ಟವೆಲು ತೆಗೆಯುವುದು ಕಾಣುತ್ತಿತ್ತು. ಬೇವಿನ ಮರದ ಹಿಂದೆ ಸಿದ್ದಮಲ್ಲನ ಗುದ್ದಲಿ ಏರಿ ಇಳಿಯುತ್ತಿತ್ತು.

“ಏನೋ ಅದು ಗಂಟೆ? ಯಾರು ಹೋದ್ರಂತೆ?” ಎಂದಳು ಅಕ್ಕ.

“ನೀನೇ” ಎಂದೆ.

ಅವಳು ನಗಲು ಶುರು ಮಾಡಿದಳು. ಹಲಗೆ ಅಲುಗಾಡಿತು. ನಗುತ್ತಲೇ ಕೈ ಎತ್ತಿ ದಡದವರಿಗೆ ಬೀಸಿದಳು. ದಡದಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ಓಡಿಹೋದರು. ಪೀಪಿ ಊದಿ ವಿಷಯ ತಿಳಿಸೋಣವೆಂದು ಊದಿದೆ. ಮಿಕ್ಕ ಅರ್ಧವೂ ಓಡಿತು. ಒಬ್ಬಳು ಮಾತ್ರ ಅಲ್ಲಾಡಲಿಲ್ಲ. ನೀರಂಚಿನ ಕಲ್ಲಿನ ಮೇಲೆ ಬಿಳಿಯ ದುಪಟ್ಟಾ ಹೊದ್ದು ಕೂತಿದ್ದಳು. ಅವಳಿಗೆ ಕೈ ಬೀಸಿದ್ದು ಕಂಡಿರಲಿಲ್ಲ. ಈರಕ್ಕ ಇವತ್ತು ಬರುತ್ತಾಳೆಂದು ಗೌರಜ್ಜಿ ಮೊದಲೇ ಹೇಳಿದ್ದಳು. ಈಗ, ಓಬಯ್ಯನ ಹಲಗೆಯಲ್ಲಿ ಯಾರನ್ನೋ ಮಲಗಿಸಿ ತರುತ್ತಿದ್ದಾರೆಂದು ಜನ ಹೇಳಿದ್ದರು. ಆಮೇಲೆ ಯಾರೂ ಅವಳಿಗೆ ಏನೂ ಹೇಳದೆ ಓಡಿದ್ದರು.

ಹಲಗೆ ಮರಳಿಗೆ ತಾಕಿತು. ಅಕ್ಕನನ್ನು ಇಳಿಸಿದ ಹಾಗೆಯೇ ಬಿಗಿಯಾಗಿ ಎತ್ತಿ ನಿಲ್ಲಿಸಿದೆ. ಅವಳು ನನ್ನ ಹೆಗಲು ಹಿಡಿದು ನೀರಿನಿಂದ ದಡಕ್ಕೆ ಬಂದಳು. ಖೈರುನ್ನೀಸಾಳ ಕಣ್ಣು ಒದ್ದೆಯಾಗಿತ್ತು. ಹೆಜ್ಜೆ ಸದ್ದಿಗೆ ಮುಖ ಎತ್ತಿ, “ಓಬಣ್ಣ, ಎಷ್ಟು ಹೊತ್ತಿಗೆ ಹೋದ್ಳು?” ಎಂದು ಕೇಳಿದಳು.

“ಯಾರೂ ಹೋಗಿಲ್ಲ ಕಣೇ ಖೈರು, ಬಂದಿದೀನಿ” ಎಂದಳು ಅಕ್ಕ.

ಖೈರುನ್ನೀಸಾ ಕೈಚಾಚಿ ಅಕ್ಕನ ಮುಖ ಮುಟ್ಟಿದಳು. ಹಣೆ, ಮೂಗು, ಗದ್ದ, ಗದ್ದಕ್ಕೆ ಅಂಟಿದ್ದ ಚಕ್ಕುಲಿಯ ಚೂರು. ಆಮೇಲೆ ಅದೇ ಕೈಯಿಂದ ಅಕ್ಕನ ತೋಳಿಗೆ ಒಂದು ಬಾರಿಸಿದಳು. “ಮಲಗಿಸ್ಕೊಂಡ್ ಬರ್ತಾ ಇದಾರೆ ಅಂದ್ರಲ್ಲೇ ಇವ್ರೆಲ್ಲ.”

“ಮಲಗೇ ಬಂದೆ. ನಿಲ್ಲೋಕಾಗ್ಲಿಲ್ಲ.”

“ಬದುಕಿರೋರೂ ಮಲಗಿ ಬರಬಹುದಾ?”

“ಬರಬಹುದಂತೆ. ಇವತ್ತು ಗೊತ್ತಾಯ್ತು.”

ಖೈರುನ್ನೀಸಾಳ ಹೆಬ್ಬೆರಳು ಮಿಕ್ಕ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಓಡಿತು, ಹನ್ನೊಂದಕ್ಕೆ ನಿಂತಿತು. ಅವಳು ನಾನಿದ್ದ ಕಡೆಗೆ ತಿರುಗಿದಳು. ನನ್ನ ಮುಖ ಅವಳಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. “ಬಿಸಿಲೇರ್ತಾ ಇದೆ, ಒಳಗೆ ಬಾ ಓಬಣ್ಣ, ಚಾ ಮಾಡ್ತೀನಿ” ಎಂದಳು.

ಅಷ್ಟರಲ್ಲಿ ಸಿದ್ದಮಲ್ಲ ಬೆವರು ಒರೆಸಿಕೊಳ್ಳುತ್ತ ಬಂದು ಅಕ್ಕನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. “ಅರ್ಧ ತೋಡಿದೀನಿ ಗುಮಾಸ್ತ್ರೇ. ಈಗ ಏನ್ ಮಾಡ್ಲಿ?” ಎಂದ. ಬಾಳೆ ನೆಡು ಎಂದು ಅಕ್ಕನೇ ಹೇಳಿದಳು. ಅವನು ನೆಟ್ಟ, ಅದೀಗ ನನ್ನೆತ್ತರ ಬೆಳೆದಿದೆ.

ಮಧ್ಯಾಹ್ನವಿಡೀ ಅವರಿಬ್ಬರೂ ಜಗಲಿಯಲ್ಲಿ ಎದುರು ಬದುರು ಕೂತರು. ನಮ್ಮೂರಲ್ಲಿ ಕೂರುವುದೆಂದರೆ ಸಣ್ಣ ಸುಖವಲ್ಲ. ಅಕ್ಕ ಸೂಜಿಗೆ ದಾರ ಪೋಣಿಸಿ ಕೊಡುವಳು, ಖೈರುನ್ನೀಸಾ ಬೆರಳಿನಲ್ಲೇ ಅಂಚು ಹುಡುಕಿ ಹೊಲಿಯುವಳು. ಆಗಾಗ ಹೊಲಿಗೆ ನಿಲ್ಲಿಸಿ ಅಕ್ಕನ ಮುಖದ ಹತ್ತಿರಕ್ಕೆ ಮುಖ ತಂದು, “ನಿನ್ನ ಕೂದಲು ಇಷ್ಟು ಬೆಳ್ಳಗಾಗಿದೆ ಅಂತ ಯಾರೂ ಹೇಳ್ಲೇ ಇಲ್ಲ” ಎನ್ನುವಳು. ಎರಡೂ ಅರ್ಧಗಳನ್ನು ಸೇರಿಸಲು ಹೋದರೆ ನಡುವೆ ಒಂದು ಗೇಣು ಕಡಿಮೆ ಬಂತು. ಬೇರೆ ಬೇರೆ ದಡದಲ್ಲಿ ಅಂದಾಜಿನ ಮೇಲೆ ಹೊಲಿದದ್ದು, ಬರದೆ ಏನಾಗುತ್ತದೆ? ಮನೆಯಲ್ಲಿ ಅಷ್ಟುದ್ದದ ಬಟ್ಟೆ ಸಿಗಲಿಲ್ಲ. ಅಕ್ಕನ ಕಣ್ಣು ನನ್ನ ಭುಜದ ಮೇಲೆ ಬಿತ್ತು. ನಾನು ಹಳದಿ ಪಟ್ಟಿ ಬಿಚ್ಚಿ ಕೊಟ್ಟೆ. ಅಳತೆ ಸರಿಹೋಯಿತು.

ಸಂಜೆ ಗಾಳಿ ಇಳಿದ ಮೇಲೆ ಹೊರಟೆವು. ಅಕ್ಕ ಹೋದಂತೆಯೇ ಮಲಗಿ ಬಂದಳು. ಬರುವ ಗುರುವಾರ ಖೈರುನ್ನೀಸಾ ಮಲಗಿ ಈ ಕಡೆ ಬರುವುದೆಂದು ಅವರವರೇ ನಿಶ್ಚಯಿಸಿಕೊಂಡಿದ್ದರು, ನನ್ನನ್ನು ಕೇಳಲಿಲ್ಲ. ನಮ್ಮ ದಡದಲ್ಲಿ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಹೆಣವನ್ನು ಆಚೆ ಇಳಿಸಿ ಬರಬೇಕಾದವನು ಅದನ್ನೇ ವಾಪಸು ತರುತ್ತಿದ್ದಾನೆಂದು ಕಟ್ಟೆಯ ಮೇಲಿದ್ದವರು ಗೊಂದಲದಲ್ಲಿದ್ದರು. ಗಂಟೆಯವನು ಬಾರಿಸಲೋ ಬೇಡವೋ ಎಂದು ಹಗ್ಗ ಹಿಡಿದು ನಿಂತಿದ್ದ. ಅಕ್ಕನ ಮನೆಯಲ್ಲಿ ನೆಂಟರು ಸೇರಿದ್ದರು. ಅವಳ ರುಬ್ಬುಗುಂಡನ್ನು ಪಕ್ಕದ ಮನೆಯವರು ಆಗಲೇ ಒಯ್ದಿದ್ದರು. ಮರುದಿನ ತಂದಿಟ್ಟರು.

ಮನೆಗೆ ಹೋಗುವ ಮೊದಲು ಚೀಟಿ ಮುಗಿಸಬೇಕಿತ್ತು. ಕಿಟಕಿ ತೆರೆದು ಕೂತೆ. ಅಕ್ಕ ಹೊರಗೆ ಕೌದಿ ಹೊದ್ದು ನಿಂತಿದ್ದಳು, ನಡುವಿನ ಹಳದಿ ಬೆನ್ನ ಮೇಲೆ ಅಡ್ಡಡ್ಡ ಕಾಣುತ್ತಿತ್ತು. ಸುರಕ್ಷತೆಯ ಅಂಕಣದ ಕೊನೆಗೆ, ‘ಕೂರ್ಗಲ್ಲನ್ನು ಗುಮಾಸ್ತೆ ನೋಡಿರಲಿಲ್ಲ’ ಎಂದು ಸೇರಿಸಿದೆ. ಸಂತೋಷದ ಅಂಕಣಕ್ಕೆ ಬಂದಾಗ ಕೈ ತನ್ನಷ್ಟಕ್ಕೆ ‘ಸಾ’ ಎಂದು ಬರೆಯಿತು. ಅಕ್ಕ ಕಿಟಕಿಯೊಳಗೆ ಕೈ ಹಾಕಿದಳು. ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅವಳು ಪೆನ್ನು ತೆಗೆದುಕೊಂಡು, ನನ್ನ ಅಕ್ಷರದ ಮೇಲೆ ಗೀಟು ಹಾಕಿ, ಮೂರನೇ ಕ್ಲಾಸಿನವರೆಗೆ ಕಲಿತ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದಳು: ‘ಇತ್ತು. ಹನ್ನೊಂದು ವರ್ಷ ತಡವಾಯಿತು.’

ಅದರ ಕೆಳಗೆ, ಹೊಣೆ ಹೊತ್ತವರ ಸಹಿ ಎಂದು ಅಚ್ಚಾಗಿರುವ ಒಂದು ಗೆರೆ ಇದೆ. ಯಾವಾಗಲೂ ಅಲ್ಲಿ ಎರಡು ಅಕ್ಷರ ಗೀಚಿ ಮುಂದಿನವರನ್ನು ಕರೆಯುತ್ತಿದ್ದೆ. ಅವತ್ತು ನನ್ನ ಹೆಸರನ್ನು ಪೂರ್ತಿಯಾಗಿ, ಓದಲು ಬರುವಂತೆ ಬರೆದೆ.